ಮೂಲೆ ಕೋಣೆಯ ಗಂಟೆ

ನಮ್ಮ ಆಫೀಸಿನಲ್ಲಿ ಅವಳನ್ನು ಪೊರಕೆ ಎಂದೇ ಕರೆಯುತ್ತಿದ್ದೆವು. ಯಾರೇ ಕೋಡ್ ಬರೆದು ಎದ್ದು ಹೋಗಲಿ, ಹಿಂದೆಯೇ ಬಂದು ಗುಡಿಸುವವಳು ಅವಳು. ಬೇಡದ ಒಂದು ಸಾಲು ಕಂಡರೂ ಅವಳಿಗೆ ಮೈ ಉರಿಯುತ್ತಿತ್ತು. ಕಾಫಿ ಲೋಟ ತೊಳೆಯದೆ ಇಡುವ ನನ್ನಂಥವರ ಗತಿಯನ್ನಂತೂ ಕೇಳಲೇಬೇಡಿ.

ವೃದ್ಧರ ಮನೆಯೊಂದಕ್ಕೆ ನಾವು ಕರೆಗಂಟೆಯ ಕಂಪ್ಯೂಟರ್ ಪರದೆ ಮಾಡಿಕೊಟ್ಟಿದ್ದೆವು. ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ಅಲ್ಲಿ ಆರೈಕೆಗಿರುವ ಆಯಮ್ಮನ ಮೇಜಿನ ಪರದೆ ಸದ್ದು ಮಾಡಬೇಕು. ಆದರೆ ಕೋಡಿನಲ್ಲಿ ಆ ಕರೆಗಾಗಿ ಕಾದು ಕೂರುವ ಲಿಸನರ್‌ಗಳು ಒಂದರ ಮೇಲೊಂದು ಸೇರಿಕೊಂಡು, ಒಮ್ಮೆ ಒತ್ತಿದರೆ ಗಂಟೆ ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಪೊರಕೆ ಅದಕ್ಕೊಂದು ರಿಯಾಕ್ಟ್ ಹುಕ್, ಅಂದರೆ ಪರದೆಯ ಕೋಡಿಗೆ ಸಿಕ್ಕಿಸುವ ಪುಟ್ಟ ತುಣುಕು, ಬರೆದಳು: ಆಯಮ್ಮ ಕರೆ ಒಪ್ಪಿಕೊಂಡರೆ ಆ ಕೋಣೆಯ ಲಿಸನರ್ ತೆಗೆದುಹಾಕು, ‘ಮುಗಿಯಿತು’ ಒತ್ತಿದರೆ ಮರಳಿ ಸೇರಿಸು. ಆಯಮ್ಮ ಅವಸರದಲ್ಲಿ ‘ಮುಗಿಯಿತು’ ಒತ್ತದೆ ಪರದೆಯ ಮೇಲಿನ ಕಿಟಕಿಯನ್ನು ಬರೀ ಮುಚ್ಚಿದರೆ ಏನು ಗತಿ ಎಂದು ಅವಳಿಗೆ ಹೊಳೆಯಲಿಲ್ಲ. ಆಮೇಲೆ ಆ ಕೋಣೆಯ ಗಂಟೆ ಸದ್ದೇ ಮಾಡುತ್ತಿರಲಿಲ್ಲ.

ಮೂಲೆ ಕೋಣೆಯ ಅಜ್ಜಿ ಬಚ್ಚಲಿಗೆ ಹೋಗುವಾಗ ಬಿದ್ದರು. ಗುಂಡಿ ಒತ್ತಿದೆ, ಯಾರೂ ಬರಲಿಲ್ಲ ಎಂದರು. ಗಂಟೆ ಆಗಲೇ ಇಲ್ಲ ಎಂದು ಆಯಮ್ಮ ಆಣೆ ಮಾಡಿದರು. ಅಮ್ಮನಿಗೆ ಮರೆವು ಶುರುವಾಗಿದೆ ಎಂದು ಮಗ ತೀರ್ಮಾನಿಸಿ, ಮರೆವಿನವರನ್ನು ಬೀಗ ಹಾಕಿ ಇಡುವ ಭಾಗಕ್ಕೆ ಸಾಗಿಸಲು ಒಪ್ಪಿಬಿಟ್ಟ. ಪರದೆಯಲ್ಲಿ ಅವರ ಕೋಣೆ ಬದಲಿಸಿ ಎಂದು ಫೋನ್ ಬಂದಾಗಲೇ ನಮಗೆ ಇದೆಲ್ಲ ತಿಳಿದದ್ದು.

ಪೊರಕೆ ಊಟ ಬಿಟ್ಟು ಕೋಡ್ ತೆರೆದಳು. ತಪ್ಪು ಕಂಡಾಗ ಅವಳ ಮುಖ ಬಿಳಿಚಿಕೊಂಡಿತು. ನನ್ನ ಗುಡಿಸುವ ಚಟಕ್ಕೆ ಆ ಮುದಿಜೀವ ಬಿದ್ದು ನರಳುವಂತಾಯಿತಲ್ಲ ಎಂದು ಹಲುಬುತ್ತಲೇ ಸರಿಪಡಿಸಿದಳು. ಸರಿಹೋಯಿತಲ್ಲ, ಇನ್ನು ಬಿಡು ಎಂದೆ. ಅವಳು ನನ್ನನ್ನು ಕೆಕ್ಕರಿಸಿ ನೋಡಿ, ಚಪ್ಪಲಿ ಮೆಟ್ಟಿ ವೃದ್ಧರ ಮನೆಗೆ ಹೊರಟಳು. ನಾನೂ ಬಾಲದಂತೆ ಹಿಂದೆ ಹೋದೆ.

ಆಯಮ್ಮ ಅಜ್ಜಿಯ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಅಜ್ಜಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು. ಪೊರಕೆ ಅವರ ಎದುರು ನೆಲದ ಮೇಲೆ ಕುಕ್ಕರಿಸಿದಳು.

“ಅಜ್ಜಿ, ನೀವು ಗುಂಡಿ ಒತ್ತಿದ್ದು ನಿಜ. ಗಂಟೆ ಆಗದ ಹಾಗೆ ಮಾಡಿದ್ದು ನಾನು. ತಪ್ಪಾಯ್ತು.”

ಅಜ್ಜಿ ಮಂಚದ ಪಕ್ಕದ ಗುಂಡಿಯತ್ತ ತಿರುಗಿ ನೋಡಿದರು.

“ಒತ್ತೇ ಇಲ್ವೇನೋ ಅಂತ ನಂಗೇ ಅನ್ನಿಸೋಕೆ ಶುರುವಾಗಿತ್ತು ಕಣಮ್ಮ,” ಎಂದರು. “ನನ್ನ ಮಗನಿಗೆ ಫೋನ್ ಮಾಡು. ಈ ಮಾತು ಅವನಿಗೂ ಹೇಳು.”

ಪೊರಕೆ ಅಲ್ಲೇ ಕೂತು ಮಗನಿಗೆ ಫೋನ್ ಹಚ್ಚಿದಳು. ಆಯಮ್ಮ ಚೀಲದಿಂದ ಬಟ್ಟೆಗಳನ್ನು ತೆಗೆದು ಮತ್ತೆ ಬೀರುವಿನಲ್ಲಿ ಇಡತೊಡಗಿದರು.