ಕಾಕಾನ ಕಾರಿನ ಮೇಲೆ ಬಿದ್ದ ಹಿಕ್ಕೆ

ಆಗ ಸಿಂದಗಿಯ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಕಾರು, ನಮ್ಮ ಕಾಕಾನ ಹಳೆಯ ಬಿಳಿ ಅಂಬಾಸಿಡರ್. ತೊಂಬತ್ತರ ದಶಕದ ಮಾತು. ನೆರಳಿರಲಿ ಎಂದು ಕಾಕಾ ಅದನ್ನು ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸುತ್ತಿದ್ದ. ಬೇವಿನ ಹಣ್ಣಿನ ಕಾಲದಲ್ಲಿ ಹಕ್ಕಿಗಳಿಗೆ ಹಬ್ಬ, ನನಗೆ ಕರ್ಮ. ಶಾಲೆಗೆ ಹೋಗುವ ಮೊದಲು ಒದ್ದೆ ಅರಿವೆ ಹಿಡಿದು ಹಿಕ್ಕೆಯನ್ನೆಲ್ಲ ಒರೆಸಬೇಕಿತ್ತು. ಆಮೇಲೆ ರೊಟ್ಟಿ, ಶೇಂಗಾ ಹಿಂಡಿ ತಿನ್ನುವಾಗಲೂ ಕೈಯಲ್ಲಿ ಅದೇ ಕಮಟು ವಾಸನೆ.

ಒಂದು ಮುಂಜಾನೆ ಕಾಕಾ ಕಾರು ಹತ್ತಿ ಕುಳಿತಿದ್ದ. ಅವನ ಮುಖಕ್ಕೆ ಸರಿಯಾಗಿ ಮುಂದಿನ ಗಾಜಿನ ಮೇಲೆ ಪಚಕ್ಕನೆ ಬಿತ್ತು. ಕಟ್ಟೆಯ ಮೇಲಿದ್ದ ಆಯಿ, ಅಂದರೆ ಅಪ್ಪನ ತಾಯಿ, ಎದೆ ಬಡಿದುಕೊಂಡಳು.

"ಅಯ್ಯ ಶಿವನ, ಕಾಗಿ! ಇಳಿಯೋ, ಕೆಳಗ ಇಳಿ!"

ಕಾಗೆಯಾಗಲಿ ಅದರ ಹಿಕ್ಕೆಯಾಗಲಿ ಮೈಮುಟ್ಟಿದರೆ ಸಾವಿನ ಸೂಚನೆ ಎಂದು ನಮ್ಮ ಕಡೆ ನಂಬಿಕೆ. ಪರಿಹಾರವೂ ವಿಚಿತ್ರ. ಮುಟ್ಟಿಸಿಕೊಂಡವನು ಸತ್ತನೆಂದು ಬಳಗದವರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ಅಳಬೇಕು, ಒಡನೆ ನಿಜ ಹೇಳಿಬಿಡಬೇಕು. ಆ ಕಣ್ಣೀರಿನಲ್ಲಿ ಪೀಡೆ ಕಳೆಯುತ್ತದಂತೆ.

"ಬಿದ್ದದ್ದು ಕಾರಿನ ಮ್ಯಾಲ. ಕಾರ್ ಸತ್ತೈತಿ ಅಂತ ಹೇಳಿ ಕಳಸು," ಎಂದು ನಕ್ಕು ಕಾಕಾ ಗಾಜು ಒರೆಸಿಕೊಂಡು ಹೊರಟೇಬಿಟ್ಟ.

ನಾನು ಮೇಲೆ ನೋಡಿದೆ. "ಆಯಿ, ಕಾಗಿ ಅಲ್ಲ, ಗೊರವಂಕ ಐತಿ," ಅಂದೆ. ಆಯಿ ತೊಡೆ ಚಿವುಟಿದ ರಭಸಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

"ಬಾಯಿ ಮುಚ್ಕೊಂಡ ನಡಿ ನನ್ನ ಜೋಡಿ."

ನಡೆದದ್ದು ಎಸ್‌ಟಿಡಿ ಬೂತಿಗೆ. ತಾಂಬಾದ ಸೋದರತ್ತೆಯ ಮನೆಯ ನಂಬರನ್ನು ನಾನೇ ಒತ್ತಿದೆ. ಅತ್ತೆ ಕಾಕಾನ ಒಡಹುಟ್ಟಿದ ಅಕ್ಕ. ತನ್ನ ಮಗಳನ್ನು ಅವನು ಮದುವೆಯಾಗಲಿಲ್ಲವೆಂದು ಸಿಟ್ಟಾಗಿ ಮೂರು ವರ್ಷದಿಂದ ನಮ್ಮ ಹೊಸ್ತಿಲು ತುಳಿದಿರಲಿಲ್ಲ, ತಮ್ಮನ ಜೊತೆ ಮಾತೂ ಇರಲಿಲ್ಲ. ಈ ಕೊರಗಿಗೆ ಆಯಿ ಎಷ್ಟೋ ಸಲ ಉಣ್ಣದೆ ಏಳುತ್ತಿದ್ದಳು.

"ನಿನ್ನ ತಮ್ಮ ಹೋದ ನೋಡವಾ," ಎಂದವಳೇ ಆಯಿ ಫೋನ್ ಇಟ್ಟುಬಿಟ್ಟಳು.

"ಖರೇ ಹೇಳಲಿಲ್ಲಲ್ಲ, ಆಯಿ?"

"ಬರಲಿ. ಬಂದ ಮ್ಯಾಲ ಹೇಳಿದ್ರಾತು."

ನನಗೆ ತಲೆ ಕೆಟ್ಟುಹೋಯಿತು. ಸಣ್ಣ ಸುಳ್ಳಿಗೂ ಬೆನ್ನ ಮೇಲೆ ಬಾರಿಸುತ್ತಿದ್ದ ಆಯಿ ಇವಳೇನಾ? ಕಾಕಾ ನಿಜವಾಗಿಯೂ ಸಾಯುತ್ತಾನಾ? ಗೊರವಂಕಕ್ಕೂ ಇದೇ ನಿಯಮವಾ? ಕೇಳೋಣವೆಂದರೆ ತೊಡೆ ಇನ್ನೂ ಉರಿಯುತ್ತಿತ್ತು.

ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದಳು. ಓಣಿಯ ತುದಿಯಿಂದಲೇ "ಎಪ್ಪಾ, ನನ್ನ ತಮ್ಮಾ" ಎಂದು ಬೋರಾಡಿ ಅಳುತ್ತ ಓಡಿಬಂದಳು. ಕಾಲಲ್ಲಿ ಒಂದೇ ಚಪ್ಪಲಿ. ಆಗಷ್ಟೇ ಮನೆಗೆ ಮರಳಿ ಬಂದು ಕಾರು ತೊಳೆಯುತ್ತಿದ್ದ ಕಾಕಾನಿಗೆ ಫೋನಿನ ವಿಷಯವೇ ಗೊತ್ತಿರಲಿಲ್ಲ.

"ಯಾಕ ಅಕ್ಕಾ, ಏನಾತು? ಯಾರ್ ಸತ್ರು?"

ಅತ್ತೆ ಅವನ ಮುಖ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಚಪ್ಪಲಿ ಕಳಚಿ ಬಾರಿಸತೊಡಗಿದಳು. "ನೀನ ಸತ್ತಿ ಅಂದ್ರಲ್ಲೋ ಮಂಗ್ಯಾ!" ಹೊಡೆಯುತ್ತ ಹೊಡೆಯುತ್ತ ಅವನನ್ನು ಅಪ್ಪಿಕೊಂಡಳು. ಕಾಕಾನೂ ಅತ್ತ.

"ಪೀಡಾ ಹೋತು ಬಿಡು," ಎಂದು ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಯಾವ ಪೀಡೆ ಎಂದು ನನಗೆ ತಿಳಿಯಲಿಲ್ಲ. ಸಂಜೆ ಅತ್ತೆ ತಾನೇ ಒಲೆ ಮುಂದೆ ಕೂತು ಹೋಳಿಗೆ ಮಾಡಿ ತಮ್ಮನಿಗೆ ಬಡಿಸಿದಳು.

ಆಯಿ ಹೋಗಿ ಬಹಳ ವರ್ಷಗಳಾದವು. ರಸ್ತೆ ಅಗಲ ಮಾಡುವಾಗ ಆ ಮರವೂ ಹೋಯಿತು. ಅವಳು ನಿಜಕ್ಕೂ ಹೆದರಿದ್ದಳೋ, ಎಲ್ಲ ತಿಳಿದೇ ಮಾಡಿದಳೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ನಾನೂ ನನ್ನ ತಮ್ಮನೂ ಮಾತು ಬಿಟ್ಟು ಈಗ ನಾಲ್ಕು ವರ್ಷ. ಅವನಿರುವುದು ಇಂಡಿಯಲ್ಲಿ, ನಾನು ಮುದ್ದೇಬಿಹಾಳದಲ್ಲಿ. ಒಂದೇ ಜಿಲ್ಲೆ, ದೂರವೇನಲ್ಲ. ನಮಗಾಗಿ ಅಂಥದೊಂದು ಸುಳ್ಳು ಹೇಳುವವರು ಯಾರೂ ಉಳಿದಿಲ್ಲ.