ಮಂಡಿಯ ಮಿಷಿನ್ನಿನಲ್ಲಿ ನನ್ನ ತೂಕ

ಬೆಳಿಗ್ಗೆ ಏಳಕ್ಕೆ ಭೀಮನಬೀಡಿನಿಂದ ಆಟೋ ಹಿಡಿದು ಗುಂಡ್ಲುಪೇಟೆಗೆ ಬಂದೆ. ಚಾಮರಾಜನಗರದ ಬಸ್ಸು ಹೊರಡುವುದರಲ್ಲಿತ್ತು. ನಾನು ಕೂತ ಸೀಟಿನಲ್ಲಿದ್ದ ಹುಡುಗಿ ಎದ್ದು ಹಿಂದಕ್ಕೆ ಹೋದಳು. ಹೋಗಲಿ, ಕಾಲು ಚಾಚಲು ಜಾಗವಾಯಿತು. ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಹರಿಯುತ್ತಾ, "ಎಲ್ಡು ಕೊಡ್ಲಾ ಅಕ್ಕ?" ಎಂದು ನಕ್ಕ. "ಕೊಡಪ್ಪ, ಎಲ್ಡು ಸೊನ್ನೆ ಕೂಡುದ್ರೂ ಸೊನ್ನೆಯೇ" ಎಂದೆ. ಬಸ್ಸೆಲ್ಲ ನಕ್ಕಿತು. ತೆರಕಣಾಂಬಿ ದಾಟುವವರೆಗೂ ಅವನು ನನ್ನ ಕಡೆ ತಿರುಗಲಿಲ್ಲ.

ನಾನು ಹೊರಟಿದ್ದು ತೂಕ ಮಾಡಿಸಲು. ವಿಪರೀತ ಬೊಜ್ಜು ಇರುವ ದೊಡ್ಡವರಿಗೆ ಯಾವ ಚಿಕಿತ್ಸೆ, ಯಾವ ಆಸರೆ ಒಗ್ಗುತ್ತದೆಂದು ತಿಳಿಯುವ ಅಧ್ಯಯನವೊಂದಕ್ಕೆ ಮೂರು ತಿಂಗಳ ಹಿಂದೆ ಮೈಸೂರಿನಲ್ಲಿ ಹೆಸರು ಕೊಟ್ಟಿದ್ದೆ. ಆಗ ನೂರ ಅರವತ್ತೆರಡು ಕೆಜಿ. ವಾರಕ್ಕೊಮ್ಮೆ ಫೋನು, ಊಟದ ಪಟ್ಟಿ, ಮೊಣಕಾಲಿಗೆ ವ್ಯಾಯಾಮ. ಬಯ್ಯದೆ ನನ್ನ ಮಾತು ಕೇಳಿದವರು ಅವರೇ ಮೊದಲು. ಮೂರನೇ ತಿಂಗಳ ತೂಕಕ್ಕೆ ಅಂದೇ ಕೊನೆಯ ದಿನ. ತಪ್ಪಿದರೆ ನನ್ನ ಹೆಸರು ಹೋಗುತ್ತಿತ್ತು.

ಮೂವತ್ತೈದು ಕಿಲೋಮೀಟರ್ ಕಳೆದು ಒಂಬತ್ತಕ್ಕೆ ಚಾಮರಾಜನಗರದಲ್ಲಿದ್ದ ಅವರ ಕ್ಲಿನಿಕ್ ಸೇರಿದೆ. ಅಲ್ಲಿದ್ದ ಯಂತ್ರಕ್ಕೆ ನೂರೈವತ್ತೇ ಮಿತಿ. ನಾನು ಹತ್ತಿದೊಡನೆ ಅಂಕಿ ಹೋಗಿ ಬರೀ ಗೆರೆ ಬಂತು. ಮೈಸೂರಿನಿಂದ ಬರಬೇಕಿದ್ದ ದೊಡ್ಡ ಯಂತ್ರ ಬಂದಿರಲಿಲ್ಲ. ಡಾಕ್ಟರಮ್ಮ ಮುಖ ಸಪ್ಪಗೆ ಮಾಡಿಕೊಂಡು, "ಏನು ಮಾಡೋದಮ್ಮ, ನಿಮ್ಮನ್ನ ಕೈಬಿಡಬೇಕಾಗುತ್ತೆ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ದಪ್ಪಗಿರುವವರಿಗೆಂದೇ ಮಾಡಿದ ಅಧ್ಯಯನದಲ್ಲಿ ದಪ್ಪಗಿರುವವರನ್ನು ತೂಗುವ ಯಂತ್ರ ಇಲ್ಲವೆಂದರೆ!

"ನಮ್ ಅರಿಸಿನ ತೂಗೋ ಮಂಡಿ ಇಲ್ಲೇ ಅದೆ. ಆ ಮಿಷಿನ್ಗೆ ವರ್ಸಾ ವರ್ಸಾ ಸರ್ಕಾರದ ಮುದ್ರೆ ಬೀಳ್ತದೆ. ನಿಮ್ದುಕ್ಕೆ ಬಿದ್ದದಾ?" ಎಂದೆ. ಅವರು ಮೈಸೂರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ನರ್ಸನ್ನು ನನ್ನ ಜೊತೆ ಕಳಿಸಿದರು.

ಮಂಡಿಯಲ್ಲಿ ಹಮಾಲರು ಚೀಲ ಇಳಿಸಿ ಸುತ್ತ ನಿಂತರು. ನೋಡಿದರೆ ನೋಡಲಿ ಎಂದು ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು ಹತ್ತಿದೆ. ಕೆಂಪು ಅಂಕಿ ನೂರ ಅರವತ್ತಕ್ಕೆ ನಿಂತಿತು. ತೂಕದ ಮಾದಪ್ಪ ಚೀಟಿ ಬರೆದು ದೂರದಲ್ಲಿದ್ದ ನರ್ಸಿಗೆ ಕೊಟ್ಟ.

"ನೂರ ಐವತ್ತೆಂಟು! ನಾಲ್ಕು ಕೆಜಿ ಇಳಿದಿದ್ದೀರಿ!" ಎಂದು ಅವಳು ಹಿಗ್ಗಿದಳು.

"ಇನ್ನೆಲ್ಡು ಎಲ್ಲೋದೋ ಮಾದಪ್ಪ?" ಎಂದೆ.

ಅವನು ನಾಲಿಗೆ ಕಚ್ಚಿಕೊಂಡ. ಚೀಲಕ್ಕೆಂದು, ತೇವಕ್ಕೆಂದು ಎರಡು ಕೆಜಿ ಕಳೆದು ಬರೆಯುವುದು ಆ ಮಂಡಿಯ ವಾಡಿಕೆ. "ಕೈ ತಾನಾಗೇ ಕಳ್ದುಬುಡ್ತು ಕಣಕ್ಕ. ಇರ್ಲಿ ಬುಡು, ನಿಂಗೇ ಒಳ್ಳೇದಲ್ವಾ?"

ಆಸೆಯಾಯಿತು, ಇಲ್ಲವೆನ್ನುವುದಿಲ್ಲ. ಎರಡೇ ಇಳಿದಿದ್ದಾಳೆಂದು ಕೈಬಿಟ್ಟರೆ ಎಂಬ ಭಯವೂ ಆಯಿತು. ಆದರೆ ಆ ಎರಡು ಕೆಜಿಯನ್ನೂ ಹೊತ್ತು ನಡೆಯುವವಳು ನಾನು ತಾನೇ? "ನನ್ ಅರಿಸಿನದಲ್ಲಿ ಕಳ್ದಿದ್ದು ಸಾಕು, ನನ್ನಲ್ಲೂ ಕಳೀಬ್ಯಾಡ. ಇರೋದ ಬರಿ" ಎಂದೆ.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಹೊಸ ಚೀಟಿ ನೋಡಿ ನೂರ ಅರವತ್ತು ಎಂದು ಬರೆದುಕೊಂಡರು. "ಎಲ್ಡೇ ಇಳ್ದಿದ್ಕೆ ತಗ್ದಾಕ್ತೀರಾ?" ಎಂದು ಕೇಳಿಯೇಬಿಟ್ಟೆ.

"ಚೆನ್ನಾಗಿ ಇಳಿದವರನ್ನ ಮಾತ್ರ ಇಟ್ಟುಕೊಂಡರೆ ನಿಜ ಗೊತ್ತಾಗೋದು ಹೇಗಮ್ಮ? ನೀವು ಬೇಕು" ಎಂದರು. ನನ್ನ ಕಣ್ಣು ತುಂಬಿತು.

ಸಂಜೆ ಊರಿನಲ್ಲಿ ಆಟೋ ಇಳಿದಾಗ ಎದುರುಮನೆ ರಾಜಮ್ಮ ಬಂದು, ಯಾರಿಗೂ ಕೇಳಿಸದಂತೆ ಕಿವಿಯ ಹತ್ತಿರ ಬಾಗಿ, "ಈಗ ಎಸ್ಟಿದ್ದೀಯೆ?" ಎಂದಳು. ಆ ಅಂಕಿಯನ್ನು ನಾನು ಗಂಡನಿಗೂ ಹೇಳಿದವಳಲ್ಲ.

"ನೂರಾ ಅರವತ್ತು ಕಣಮ್ಮಿ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಮನೆಯೊಳಗೆ ಹೋದೆ.