ಗೌಡರ ವಿಮರ್ಶೆಯ ಕೊನೆಯ ಪ್ಯಾರಾ

ಸಂಗೀತ ಕೇಳುವಾಗ ಪುಟ್ಟಸ್ವಾಮಿಗೌಡರು ತಮ್ಮ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತಿದ್ದರು. ನೋಡಿದವರಿಗೆ ಕೈ ನೋವೇನೋ ಅನ್ನಿಸಬೇಕು. ನಾನೂ ಹಾಗೇ ಅಂದುಕೊಂಡು ಒಮ್ಮೆ ಕೇಳಿಯೇಬಿಟ್ಟೆ. "ನೋವೂ ಇಲ್ಲ ಗೀವೂ ಇಲ್ಲ ಕಣಮ್ಮ. ಬುಟ್ರೆ ತಾಳ ಆಕ್ಬುಡ್ತದೆ. ತಾಳ ಆಕ್ತಾ ಕುಂತ್ರೆ ಕಿವಿ ಕೆಲ್ಸ ಕೆಟ್ಟೋಯ್ತದೆ" ಅಂದರು. ಚಪ್ಪರದ ತುಂಬ ಜನ ತೊಡೆ ಬಡಿಯುತ್ತ, ತಲೆದೂಗುತ್ತ, ತಾವೂ ಬಲ್ಲವರೆಂದು ಪಕ್ಕದವರಿಗೆ ತೋರಿಸಿಕೊಳ್ಳುತ್ತ ಕೂತಿರುವಾಗ, ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಈ ಮನುಷ್ಯ ಕಣ್ಣು ಮುಚ್ಚಿ, ತಮ್ಮ ಕೈಯನ್ನು ತಾವೇ ಸೆರೆಹಿಡಿದುಕೊಂಡು ಕೂತಿರುತ್ತಿದ್ದರು. ವೇದಿಕೆಯ ಮೇಲಿಂದ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಕುರ್ಚಿಗೆ.

ಗೌಡರದು ಸಾಲಿಗ್ರಾಮದ ಹತ್ತಿರದ ಹಳ್ಳಿ. ನಾಲೆ ನೀರಿನ ಗದ್ದೆ, ತಮ್ಮಂದಿರು, ಸೊಸೆಯರು, ಮೊಮ್ಮಕ್ಕಳು, ಕೊಟ್ಟಿಗೆ ತುಂಬ ದನ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರಿಗೂ ಸಂಗೀತ ಬೇಡ. "ರೇಡಿಯೋದಲ್ಲಿ ಆಲಾಪನೆ ಬಂದ್ರೆ ನಮ್ಮೋಳು 'ಯಾರು ಸತ್ರು' ಅಂತ ಕೇಳ್ತಾಳೆ ಕಣಮ್ಮ" ಅಂತ ಅವರೇ ಹೇಳಿ ನಗುತ್ತಿದ್ದರು. ಮೈಸೂರಿನಲ್ಲಿ ಬಿ.ಎ. ಓದುವಾಗ ಹಾಸ್ಟೆಲಿನ ಪಕ್ಕದ ಬೀದಿಯಲ್ಲಿ ರಾಮನವಮಿಯ ಕಛೇರಿಗಳನ್ನು ಕೇಳಿ ಹತ್ತಿಸಿಕೊಂಡ ಹುಚ್ಚು ಅದು. ಹಾಡಲು ಬಾರದು, ನುಡಿಸಲು ಬಾರದು, ಆದರೆ ತಮ್ಮ ಕಿವಿಯ ಬಗ್ಗೆ ಅಪಾರ ಜಂಬ. ಊರಿಗೆ ಬಂದು ಗದ್ದೆ ನೋಡಿಕೊಳ್ಳುತ್ತ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣದ ಕಡೆ ನಡೆಯುವ ಕಛೇರಿಗಳ ವಿಮರ್ಶೆಯನ್ನು ಮೈಸೂರಿನ ಒಂದು ಪತ್ರಿಕೆಗೆ ಬರೆಯತೊಡಗಿದರು. ಮಾತು ಅಪ್ಪಟ ಹಳ್ಳಿಯದು. ಬರವಣಿಗೆಗೆ ಮಾತ್ರ ಇಸ್ತ್ರಿ ಹಾಕಿಸಿಬಿಡುತ್ತಿದ್ದರು.

ನಾನು ಹುಣಸೂರಿನಲ್ಲಿ ಪಿಟೀಲು ನುಡಿಸುವವಳು. ಹೊಗೆಸೊಪ್ಪಿನ ವ್ಯಾಪಾರದ ಊರಿನಲ್ಲಿ ಪಿಟೀಲಿನ ಮೇಷ್ಟರಗಿರಿ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಮಕ್ಕಳಿಗೆ ಪಾಠ, ಅದು ಬಿಟ್ಟರೆ ಹೊರಗಿನಿಂದ ಬಂದ ಗಾಯಕರಿಗೆ ಪಕ್ಕವಾದ್ಯ. ಸಮಿತಿಯವರು ಬೆಳಿಗ್ಗೆ ಫೋನ್ ಮಾಡಿ, "ಮೇಡಂ, ಸಾಯಂಕಾಲಕ್ಕೆ ಪಿಟೀಲಿಗೆ ಒಬ್ಬರು ಬೇಕಿತ್ತು" ಅನ್ನುತ್ತಾರೆ. ಆ "ಒಬ್ಬರು" ನಾನು. ಕರಪತ್ರದಲ್ಲಿ ಅಧ್ಯಕ್ಷರ ಹೆಸರಿರುತ್ತದೆ, ಗಾಯಕರ ಹೆಸರಿರುತ್ತದೆ, ಪ್ರಸಾದದ ಸೇವೆಯವರ ಹೆಸರಿರುತ್ತದೆ. ನಮ್ಮ ಸಾಲಿನಲ್ಲಿ "ಪಕ್ಕವಾದ್ಯ ಸಹಿತ" ಅಂತ ಇರುತ್ತದೆ.

ಗೌಡರು ಮೊದಲ ಸಲ ನನ್ನನ್ನು ಮಾತಾಡಿಸಿದ್ದು ಕೆ.ಆರ್. ನಗರದ ರಾಮನವಮಿ ಚಪ್ಪರದಲ್ಲಿ. ಅಂದು ಗಾಯಕರು ತೋಡಿಯನ್ನು ವಿಸ್ತಾರವಾಗಿ ಹಾಡಿ ನನಗೆ ಬಿಟ್ಟಿದ್ದರು. ಅದೇನು ಗಳಿಗೆಯೋ, ಚೆನ್ನಾಗಿ ಬಂತು. ಕಛೇರಿ ಮುಗಿದು ಕಮಾನು ಒರೆಸುತ್ತಿದ್ದೆ. ಕೊನೆಯ ಸಾಲಿನಿಂದ ಎದ್ದು ಬಂದ ಗೌಡರು, "ನಿಮ್ಮ ಬಗ್ಗೆ ನಾಕು ಪ್ಯಾರಾ ಬರೀತೀನಿ ಕಣಮ್ಮ" ಅಂದು, ನನ್ನ ಉತ್ತರಕ್ಕೂ ಕಾಯದೆ ಹೊರಟುಹೋದರು. ನಾನು ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗಿ ಪತ್ರಿಕೆ ತಿರುವಿ ಹಾಕತೊಡಗಿದೆ. ಕೊನೆಗೊಂದು ದಿನ ಬಂತು. ಚಪ್ಪರದ ವರ್ಣನೆ, ಮೈಕಿನ ಅವಸ್ಥೆ, ಕಛೇರಿಯ ಆರಂಭದ ವರ್ಣವನ್ನು ಗಾಯಕರು ಎತ್ತಿಕೊಂಡ ರೀತಿ, ಎರಡನೆಯ ಕೃತಿಯ ಸ್ವರಪ್ರಸ್ತಾರ. ಆಮೇಲೆ ಗೌಡರದಲ್ಲದ ಕೈಯಿಂದ ಒಂದು ಸಾಲು: "ಪಕ್ಕವಾದ್ಯದವರು ಉತ್ತಮ ಸಹಕಾರ ನೀಡಿದರು." ಅಂಗಡಿಯವನ ಮುಂದೆ ನನಗೆ ಅಳು ಬಂದದ್ದನ್ನು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಮೇಲೆ ಪ್ರತಿ ಸಲ ಇದೇ ಕಥೆ. ಗೌಡರು ಕಛೇರಿ ನಡೆದ ಕ್ರಮದಲ್ಲೇ ಬರೆಯುವವರು. ಪತ್ರಿಕೆಯವರು ಕೆಳಗಿನಿಂದ ಕತ್ತರಿಸುವವರು. ದೊಡ್ಡ ರಾಗ ಬರುವುದು ಕಛೇರಿಯ ನಡುವಿನ ನಂತರ, ಪಕ್ಕವಾದ್ಯದ ಮಾತು ಬರುವುದು ಅದರ ಜೊತೆ. ಹಾಗಾಗಿ ಕತ್ತರಿಗೆ ಮೊದಲು ಸಿಗುತ್ತಿದ್ದವಳು ನಾನೇ. "ಗೌಡ್ರೇ, ನನ್ನ ವಿಷಯ ಒಂದು ಸಲ ಮೇಲಕ್ಕೆ ಹಾಕಿಬಿಡಿ, ನಿಮಗೇನು ಗಂಟು ಹೋಗುತ್ತೆ?" ಅಂತ ನಾಚಿಕೆ ಬಿಟ್ಟು ಕೇಳಿದೆ.

"ವರ್ಣಕ್ಕೆ ಮುಂಚೆ ಮಂಗಳ ಹಾಡಾಕಾಯ್ತದಾ ಕಣಮ್ಮ? ನಡ್ದಂಗೆ ಬರೀಬೇಕು. ಆ ತೋಡಿ ಯಾಕೆ ಅಂಗೆ ಬಂತು ಅನ್ನೋದು ಅದಕ್ಕೆ ಮುಂಚೆ ಏನು ಹಾಡುದ್ರು ಅನ್ನೋದ್ರಲ್ಲೇ ಅದೆ."

"ಸರಿ, ಗಿಡ್ಡಕ್ಕೆ ಬರೀರಿ."

"ಅದು ಆಗಾಕಿಲ್ಲ" ಅಂದರು. ಗೌಡರು ಒಮ್ಮೆ ಆಗಾಕಿಲ್ಲ ಅಂದರೆ ಅಲ್ಲಿಗೆ ಮುಗಿಯಿತು.

ಒಂದು ಸಲ ತಂತಿ ಕೊಳ್ಳಲು ಮೈಸೂರಿಗೆ ಹೋಗಿದ್ದಾಗ ಅವರೇ ಸಿಕ್ಕಿ, "ಬನ್ನಿ, ನಿಮ್ಮನ್ನ ದಿನಾ ಕೊಲ್ಲೋನ್ನ ತೋರಿಸ್ತೀನಿ" ಅಂತ ಪತ್ರಿಕೆಯ ಆಫೀಸಿಗೆ ಕರೆದೊಯ್ದರು. ಅಲ್ಲಿ ಸಾಂಸ್ಕೃತಿಕ ಪುಟ ನೋಡಿಕೊಳ್ಳುವ ಮಹೇಶ ಎಂಬ ಉಪಸಂಪಾದಕ. ನಾನು ರಾಕ್ಷಸನನ್ನು ನಿರೀಕ್ಷಿಸಿದ್ದೆ. ಕನ್ನಡಕದ ಬಡಕಲು ಯುವಕ ಎದ್ದು ನಿಂತು ಗೌಡರಿಗೆ ಕುರ್ಚಿ ಹಾಕಿದ, ಟೀ ತರಿಸಿದ.

"ಗೌಡ್ರೇ, ನಿಮ್ಮದನ್ನ ಪೂರ್ತಿ ಓದೋನು ನಾನೊಬ್ಬನೇ ಅನ್ಸುತ್ತೆ. ಎರಡು ಸಲ ಓದಿ ಆಮೇಲೇ ಕತ್ತರಿಸೋದು. ಇನ್ನೂರು ಪದಕ್ಕೆ ಜಾಗ ಇರುತ್ತೆ. ಕೆಳಗಡೆ ಜಾಹೀರಾತು ಬಂದು ಕೂತಿರುತ್ತೆ, ಅದನ್ನ ಎಬ್ಬಿಸೋಕಾಗುತ್ತಾ?" ಅಂದ.

"ಹಾಡೋನು ಮುಕ್ಕಾಲು ಗಂಟೆ ಒಂದು ರಾಗ ಬೆಳ್ಸವ್ನೆ. ಕೇಳ್ದೋನು ಅದ್ನ ಒಂದು ಸಾಲ್ನಾಗೆ ಮುಗಿಸ್ಬೇಕಾ? 'ರಂಜಿಸಿದರು' ಅಂತ ಬರ್ದು ಎದ್ದೋಗಾಕೆ ನಾನ್ಯಾಕಪ್ಪ ಬೇಕು? ಅಷ್ಟನ್ನ ಚಪ್ಪರ ಕಟ್ಟೋನೇ ಬರೀತಾನೆ."

"ಹಾಗಂತ ಮೊದಲನೇ ಪ್ಯಾರಾದಲ್ಲಿ ಫ್ಯಾನಿನ ವಿಷಯ ಯಾಕೆ?"

"ಆ ಫ್ಯಾನು ಕಟಕಟ ಅಂತಿತ್ತು. ಗಾಯಕ ಅದ್ರ ನಡೆಗೆ ಸಿಕ್ಕಾಕ್ಕೊಂಡು ವರ್ಣದ ಕಾಲ ಕೆಡಿಸ್ಕೊಂಡ. ಫ್ಯಾನು ಬುಟ್ಟು ಅದ್ನೆಂಗೆ ಯೋಳ್ಲಿ?"

ಮಹೇಶ ನಕ್ಕುಬಿಟ್ಟ. ಗೌಡರು ನಗಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರೂ ಸರಿ ಅಂತಲೂ ಅನ್ನಿಸಿತು. ಕೆಲವು ಕಛೇರಿಗಳಿಗೆ ಒಂದು ಸಾಲೂ ಹೆಚ್ಚು, ಅದು ನುಡಿಸಿದವರಿಗೇ ಗೊತ್ತಿರುತ್ತದೆ. ಅಂಥವಕ್ಕೂ ಗೌಡರು ಮೂರು ಹಾಳೆ ಬರೆಯುತ್ತಿದ್ದರು. ಆದರೆ ವಾರಗಟ್ಟಲೆ ಸಾಧನೆ ಮಾಡಿ ನುಡಿಸಿದ ಒಂದು ಸಂಜೆ, "ಸಹಕಾರ ನೀಡಿದರು" ಅನ್ನುವುದರೊಳಗೆ ಹೇಳಹೆಸರಿಲ್ಲದಂತೆ ಹೋಗುವುದಿದೆಯಲ್ಲ, ಅದನ್ನು ಯಾವ ಜಾಹೀರಾತಿನ ಹೆಸರು ಹೇಳಿದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಕೆಲವು ವರ್ಷಗಳ ಮೇಲೆ ಮಹೇಶ ಆ ಕೆಲಸ ಬಿಟ್ಟು ಸಂಗೀತಕ್ಕೇ ಮೀಸಲಾದ ಒಂದು ಜಾಲತಾಣ ಶುರುಮಾಡಿದ. ಗೌಡರಿಗೆ ಮೊದಲು ಫೋನ್ ಮಾಡಿದವನೂ ಅವನೇ. ಎಷ್ಟು ಉದ್ದ ಬೇಕಾದರೂ ಬರೆಯಿರಿ, ಇಲ್ಲಿ ಜಾಗದ ತಾಪತ್ರಯವಿಲ್ಲ, ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ ಅಂದನಂತೆ. ಗೌಡರ ಖುಷಿ ನೋಡಬೇಕಿತ್ತು. ಹೊಸ ಮೊಬೈಲು ತೆಗೆದುಕೊಂಡರು. ಗದ್ದೆಯ ಬದುವಿನ ಮೇಲೆ ಕೂತು ಬೆರಳಿನಿಂದ ಒತ್ತಿ ಒತ್ತಿ ಬರೆದರು. ಒಂದು ಪಲ್ಲವಿಯ ಬಗ್ಗೆಯೇ ಒಂದು ಕಂತು, ಮೃದಂಗದವರ ತನಿ ಆವರ್ತನಕ್ಕೆ ಇನ್ನೊಂದು. ಹುಣಸೂರಿನಲ್ಲಿ ನಾನು ನುಡಿಸಿದ ಒಂದು ಕಛೇರಿಯ ಬಗ್ಗೆ ಅವರು ಬರೆದದ್ದನ್ನು ಫೋನಿನಲ್ಲಿ ಮೇಲಕ್ಕೆ ತಳ್ಳಿ ತಳ್ಳಿ ಹೆಬ್ಬೆರಳು ನೋಯಿತು. ಅಂತೂ ನನ್ನ ಹೆಸರು ಬಂತು. ನನ್ನ ಶಂಕರಾಭರಣ, ನನ್ನ ಕಮಾನಿನ ಒತ್ತಡ, ಗಾಯಕರು ತಾರಸ್ಥಾಯಿಯಲ್ಲಿ ನಿಂತಾಗ ನಾನು ಕೆಳಗೆ ಉಳಿದದ್ದು, ಎಲ್ಲ ಇತ್ತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಓದಿದೆ. ಯಾರಿಗಾದರೂ ತೋರಿಸಬೇಕೆನ್ನಿಸಿತು. ಯಾರಿಗೆ ಅಂತ ಹೊಳೆಯಲಿಲ್ಲ.

ಆ ದಿನಗಳಲ್ಲಿ ಗೌಡರು ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ: "ಓದುದ್ರಾ?" ಓದಿದೆ ಅಂದರೆ ಇನ್ನೊಂದು ಪ್ರಶ್ನೆ: "ಎಲ್ಲೀಗಂಟ?" ಸಮಿತಿಯವರು ಈ ಎರಡನೆಯ ಪ್ರಶ್ನೆಗೆ ಹೆದರಿ ಅವರನ್ನು ಕಂಡರೆ ಪ್ರಸಾದದ ಕಡೆ ಸರಿದುಬಿಡುತ್ತಿದ್ದರು.

ಆಮೇಲೆ ಗೌಡರು ಒಂದು ಕೆಲಸ ಮಾಡಿದರು. ಪಿರಿಯಾಪಟ್ಟಣದ ಒಂದು ಕಛೇರಿಗೆ ನಾನೇ ನುಡಿಸಿದ್ದೆ. ಅದರ ವಿಮರ್ಶೆಯ ನಟ್ಟನಡುವೆ, ಬೇಗಡೆ ರಾಗದ ವಿವರಣೆಯ ಹೊಟ್ಟೆಯಲ್ಲಿ, ಒಂದು ವಾಕ್ಯ ಸೇರಿಸಿದ್ದರು: "ಇಲ್ಲಿಯವರೆಗೆ ಓದಿದ ಮಹನೀಯರು ದಯವಿಟ್ಟು ನನಗೊಂದು ಫೋನ್ ಮಾಡಿ ತಿಳಿಸಬೇಕಾಗಿ ವಿನಂತಿ." ಅದರ ಹಿಂದೆಯೇ ಅವರ ನಂಬರು. ಮನೆಯಲ್ಲಿ ಮದುವೆಯ ಓಡಾಟವಿದ್ದದ್ದರಿಂದ ಅದು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಕೆಲವು ದಿನ ಕಳೆದಿದ್ದವು. ಕೂಡಲೇ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿಕೊಂಡರು.

"ಯಾರು, ಯಾರು ಮಾತಾಡ್ತಿರೋದು?" ದನಿಯಲ್ಲಿ ಎಂಥ ಆಸೆಯಿತ್ತೆಂದರೆ ನನಗೆ ಹೆಸರು ಹೇಳಲು ಹಿಂಜರಿಕೆಯಾಯಿತು.

"ನಾನು ಗೌಡ್ರೇ, ಹುಣಸೂರಿನಿಂದ."

ಹಿಂದಿನಿಂದ ಮಕ್ಕಳ ಗಲಾಟೆ, ಟೀವಿಯ ಸದ್ದು ಕೇಳುತ್ತಿತ್ತು. "ನೀವಾ. ನಿಮ್ಮ ಬಗ್ಗೆನೇ ಬರ್ದಿರೋದು, ನೀವು ಓದ್ದೇ ಇರ್ತೀರಾ? ನೀವು ಲೆಕ್ಕಕ್ಕಿಲ್ಲ ಬುಡಿ" ಅಂದರು. ನನಗೆ ಚುಚ್ಚಿತು. ಅವರಿಗೂ ಗೊತ್ತಾಗಿರಬೇಕು, ದನಿ ತಗ್ಗಿಸಿದರು. "ಬ್ಯಾರೆ ಯಾರೂ ಮಾಡ್ನಿಲ್ಲ ಕಣಮ್ಮ. ಮಹೇಶನೂ ಮಾಡ್ನಿಲ್ಲ. ಅವ್ನು ಓದ್ದೇನೇ ಆಕವ್ನೆ. ಪೇಪರ್‌ನಾಗಿದ್ದಾಗ ಕತ್ತರಿಸಾಕಾದ್ರೂ ಎರಡು ಸಲ ಓದ್ತಿದ್ದ. ಈಗ ಕತ್ತರ್ಸೋರೂ ಇಲ್ಲ, ಓದೋರೂ ಇಲ್ಲ."

ಆಮೇಲೆ ಗೌಡರು ಬರೆಯುವುದನ್ನು ನಿಲ್ಲಿಸಿದರು. ಮಹೇಶ ಕೇಳಿದಾಗ ಕಣ್ಣು ಮಂಜಾಗಿದೆ ಅಂದರಂತೆ. ಕಣ್ಣಿಗೇನೂ ಆಗಿರಲಿಲ್ಲ. ಕಛೇರಿಗಳಿಗೆ ಬರುವುದನ್ನು ಮಾತ್ರ ತಪ್ಪಿಸಲಿಲ್ಲ.

ನಾನು ಅವರನ್ನು ಕಡೆಯ ಸಲ ನೋಡಿದ್ದು ಸಾಲಿಗ್ರಾಮದ ದೇವಸ್ಥಾನದಲ್ಲಿ ಒಂದು ಬೆಳಗಿನ ಕಛೇರಿಗೆ ನುಡಿಸಿದ ದಿನ. ಹಾಡಿದವಳು ಮೈಸೂರಿನ ಚಿಕ್ಕ ಹುಡುಗಿ, ದೊಡ್ಡ ವೇದಿಕೆ ಹೊಸತು. ಊಟ ಮುಗಿಸಿ ನಾನು ಬಸ್ಸು ಹತ್ತಿದರೆ, ಗೌಡರೂ ಹತ್ತಿ ಕೂತರು. ಕೆ.ಆರ್. ನಗರದಲ್ಲಿ ಗೊಬ್ಬರ ತರುವುದಿದೆ ಅಂದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹುಣಸೂರಿನ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತೆ. ಗೊಬ್ಬರದ ಅಂಗಡಿ ಇದ್ದದ್ದು ಆ ಕಡೆ. ಗೌಡರು ಈ ಕಡೆ ಬಂದು ನನ್ನ ಪಿಟೀಲಿನ ಪೆಟ್ಟಿಗೆಯ ಪಕ್ಕ ಕೂತು, ಯಾವ ಪೀಠಿಕೆಯೂ ಇಲ್ಲದೆ, "ವರ್ಣ ಸಲೀಸಾಗಿ ಓಯ್ತು" ಅಂತ ಶುರುಮಾಡಿದರು.

ಅದು ಆ ಬೆಳಗಿನ ಕಛೇರಿಯ ವಿಮರ್ಶೆ. ಬರೆಯುವ ಬದಲು ಬಾಯಲ್ಲಿ ಹೇಳುತ್ತಿದ್ದರು, ಎಂದಿನ ಹಾಗೆ ಮೊದಲಿನಿಂದ. ಗರ್ಭಗುಡಿಯ ಗಂಟೆಯ ಶ್ರುತಿಗೂ ತಂಬೂರಿಯ ಶ್ರುತಿಗೂ ಬೀಳುತ್ತಿದ್ದ ಜಗಳ, ಹುಡುಗಿ ಎರಡನೆಯ ಕೃತಿಯಲ್ಲಿ ಮಾಡಿದ ಆತುರ. ಕಾಂಭೋಜಿಗೆ ಬರುವಷ್ಟರಲ್ಲಿ ಹುಣಸೂರಿನ ಬಸ್ಸು ಬಂತು.

"ಅತ್ತಿ, ಅತ್ತಿ. ಇದು ಬುಟ್ರೆ ಇನ್ನು ಸಂಜೆಗೇ" ಅಂತ ಗೌಡರು ಎದ್ದು ನಿಂತರು.

"ಕೂತ್ಕೊಳ್ಳಿ. ಕಾಂಭೋಜಿಗೆ ಏನಾಯ್ತು ಹೇಳಿ" ಅಂದೆ.

ನನ್ನ ಮುಖ ನೋಡಿದರು, ಬಸ್ಸು ನೋಡಿದರು, ಮೆಲ್ಲಗೆ ಕೂತರು. ಕಾಂಭೋಜಿಗೆ ಏನಾಯ್ತೆಂದು ಹೇಳಿದರು. ಹುಡುಗಿಗೆ ಮೇಲಿನ ಷಡ್ಜದಲ್ಲಿ ಉಸಿರು ಸಾಲದೆ ಹೋದಾಗ ನಾನು ಕಮಾನನ್ನು ಎಳೆದು ಹಿಡಿದು ಆ ಸ್ವರ ಬೀಳದಂತೆ ನೋಡಿಕೊಂಡಿದ್ದೆ. ಅದು ಹುಡುಗಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ. "ಅಲ್ಲಿ ನೀವು ಆ ಮಗೀನ ಎತ್ಕೊಂಡ್ರಿ" ಅಂದರು ಗೌಡರು. ನನ್ನ ತಾನಕ್ಕೆ ಬಂದಾಗ ದಾಕ್ಷಿಣ್ಯವಿಲ್ಲದೆ ಬೈದರು. ಕೈ ಓಡಿಸಿದೆನಂತೆ, ಚಪ್ಪಾಳೆಗೆ ಆಸೆಪಟ್ಟೆನಂತೆ. ಅದೂ ನಿಜವೇ. ಬೇರೆ ಊರುಗಳ ಬಸ್ಸುಗಳು ಬಂದು ಹೋದವು. ಮಂಗಳದವರೆಗೂ ಹೇಳಿದರು. ಇಷ್ಟು ವರ್ಷದಲ್ಲಿ ಅವರ ವಿಮರ್ಶೆ ಪೂರ್ತಿಯಾಗಿ, ಕತ್ತರಿಯಿಲ್ಲದೆ, ಕೇಳುವವರೊಬ್ಬರ ಎದುರು ಮುಗಿದದ್ದು ಅದೊಂದೇ ಸಲ ಇರಬೇಕು.

ಮುಗಿದ ಮೇಲೆ ಗೌಡರಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಪಂಚೆ ಸರಿಮಾಡಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, ಮೆಲ್ಲಗೆ, "ಉದ್ದ ಆಯ್ತೇನಮ್ಮ?" ಅಂದರು.

ಅವರ ಬಾಯಲ್ಲಿ ಆ ಪ್ರಶ್ನೆ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. "ಇಲ್ಲ ಗೌಡ್ರೇ" ಅಂದೆ. ನಂಬಿದರೋ ಇಲ್ಲವೋ. ಸಂಜೆಯ ಬಸ್ಸು ಬಂದಾಗ ಪೆಟ್ಟಿಗೆಯನ್ನು ಕಿಟಕಿಯಿಂದ ಒಳಗೆ ಕೊಟ್ಟು, ಗೊಬ್ಬರದ ಅಂಗಡಿಯ ಕಡೆ ಹೊರಟರು. ಅಷ್ಟು ಹೊತ್ತಿಗೆ ಅಂಗಡಿ ಬಾಗಿಲು ಹಾಕಿತ್ತೋ ಏನೋ.

ಆ ಮಳೆಗಾಲ ಮುಗಿಯುವ ಮೊದಲೇ ಗೌಡರು ಹೋಗಿಬಿಟ್ಟರು. ಸಮಿತಿಯವರು ಹೇಳಿ ನನಗೆ ತಿಳಿಯಿತು, ಅದೂ ತಡವಾಗಿ. ನಾನು ಈಗಲೂ ನುಡಿಸುತ್ತೇನೆ. ಕೆಲವು ಸಂಜೆ ಚೆನ್ನಾಗಿ ಬರುತ್ತದೆ, ಕೆಲವು ಸಂಜೆ ಕೈ ಓಡಿಬಿಡುತ್ತದೆ, ಎರಡಕ್ಕೂ ಒಂದೇ ಚಪ್ಪಾಳೆ. ಮನೆಗೆ ಬಂದರೆ ಯಜಮಾನರು ಅಂಗಡಿಯ ಲೆಕ್ಕದಿಂದ ತಲೆಯೆತ್ತಿ, ಪ್ರೀತಿಯಿಂದಲೇ, "ಹೇಗಾಯ್ತು ಕಛೇರಿ?" ಅಂತ ಕೇಳುತ್ತಾರೆ.

"ಚೆನ್ನಾಗಾಯ್ತು" ಅನ್ನುತ್ತೇನೆ. ಅವರು ತಲೆಯಾಡಿಸಿ ಲೆಕ್ಕಕ್ಕೆ ಮರಳುತ್ತಾರೆ. ಅಷ್ಟಕ್ಕೆ ಮುಗಿಯುತ್ತದೆ.